ಅಮ್ಮ ಬಂತು

ಮೊದಲನೆಯ ಬಿ.ಎ. ತರಗತಿಯಲ್ಲಿ ಬಾಗಿಲ ಪಕ್ಕದ ಬೆಂಚು ಯಾರಿಗೂ ಬೇಡವಾದ ಬೆಂಚು. ಮಳೆ ಬಂದರೆ ಎರಚಲು ಹೊಡೆಯುತ್ತದೆ, ಬಿಸಿಲಾದರೆ ಝಳ ಬಡಿಯುತ್ತದೆ. ಜೊತೆಗೆ ಒಳಗೆ ನಡೆಯುವ ಗಲಾಟೆಗೆಲ್ಲ ಕಾವಲು ಕಾಯುವ ಕೆಲಸ ಬೇರೆ. ಲೆಕ್ಚರರು ಸ್ಟಾಫ್ ರೂಮು ಬಿಟ್ಟು ಹೊರಟಿದ್ದು ಕಂಡ ಕೂಡಲೇ ಒಳಗಿದ್ದವರಿಗೆ ಸುದ್ದಿ ಮುಟ್ಟಿಸಬೇಕು. ಎಲ್ಲರಿಗಿಂತ ತಡವಾಗಿ ಬಂದು ಸೇರಿದ ಕದಿರೇಶನಿಗೆ ಆ ಬೆಂಚೇ ಉಳಿದಿತ್ತು.

ಅವತ್ತು ಬೆಳಿಗ್ಗೆ ಒಳಗೆ ಸೀಮೆಸುಣ್ಣದ ಚೂರುಗಳು ಹಾರಾಡುತ್ತಿದ್ದವು. ಕನ್ನಡದ ಲೆಕ್ಚರರ್ ಭಾರತಮ್ಮನವರು ವರಾಂಡದ ತಿರುವಿನಲ್ಲಿ ಕಾಣಿಸಿದರು. ವಹಿಸಿದ ಕೆಲಸ ನೆಟ್ಟಗೆ ಮಾಡಬೇಕೆಂಬ ಶ್ರದ್ಧೆಯಿಂದ ಕದಿರೇಶ ಎದ್ದು ನಿಂತು ಗಟ್ಟಿಯಾಗಿ ಕೂಗಿದ.

“ಸುಮ್ನಿರ್ರಪ್ಪಾ, ಮೇಡಂ ಬಂತು! ಮೇಡಂ ಬಂತು!”

ತರಗತಿ ಒಂದು ಕ್ಷಣ ನಿಜಕ್ಕೂ ಸುಮ್ಮನಾಯಿತು. ಆಮೇಲೆ ಸೂರು ಹಾರಿಹೋಗುವ ಹಾಗೆ ನಕ್ಕಿತು. ಹುಡುಗಿಯರು ಸೆರಗಿನ ಮರೆಯಲ್ಲಿ, ಹುಡುಗರು ಬೆಂಚು ಬಡಿದು. ಅಷ್ಟರಲ್ಲಿ ಭಾರತಮ್ಮನವರು ಬಾಗಿಲಿಗೇ ಬಂದು ನಿಂತಿದ್ದರು. ಮಾತು ಅವರ ಕಿವಿಗೂ ಬಿದ್ದಿತ್ತು.

“ಬಂತಾ?” ಎಂದರು. ಕೈಯೆತ್ತಿ ತಮ್ಮ ತಲೆಯನ್ನು ಒಮ್ಮೆ ಸವರಿಕೊಂಡರು. “ಕೊಂಬು ಸಿಗ್ತಾ ಇಲ್ಲವಲ್ಲಪ್ಪಾ?”

ಮತ್ತೊಂದು ಸುತ್ತು ನಗೆಯಾಯಿತು. ಭಾರತಮ್ಮನವರು ಹಾಜರಿ ಕರೆದು, ಪಾಠ ಮಾಡಿ ಹೊರಟುಹೋದರು. ತರಗತಿ ಮಾತ್ರ ಆ ಮಾತನ್ನು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಕದಿರೇಶನಿಗೆ ‘ಬಂತು’ ಎಂಬ ಹೊಸ ಹೆಸರು ಗಟ್ಟಿಯಾಗಿತ್ತು.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಯಲ್ದೂರು ದಾಟಿ ಆಂಧ್ರದ ಗಡಿ ಕಡೆ ಹೋದರೆ ಕದಿರೇಶನ ಊರು. ಅಲ್ಲಿ ಮನೆಯೊಳಗೆ ತೆಲುಗು, ತೋಪಿನಲ್ಲಿ ತೆಲುಗು, ದನ ಬೈಯುವುದೂ ತೆಲುಗಿನಲ್ಲೇ. ಶಾಲೆ ಮಾತ್ರ ಕನ್ನಡದ್ದು. ಮೇಷ್ಟರು ಕನ್ನಡ ಪಾಠವನ್ನು ತೆಲುಗಿನಲ್ಲಿ ಬಿಡಿಸಿ ಹೇಳುವರು, ಮಕ್ಕಳು ತೆಲುಗಿನಲ್ಲಿ ತಿಳಿದುಕೊಂಡು ಕನ್ನಡದಲ್ಲಿ ಬರೆಯುವರು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕದಿರೇಶನಿಗಂತೂ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿತ್ತು. ಶ್ರೀನಿವಾಸಪುರದಲ್ಲಿ ಪಿಯುಸಿ ಓದುವಾಗಲೂ ಗೆಳೆಯರೆಲ್ಲ ಅವನಂಥವರೇ. ಕನ್ನಡದ ಮೇಷ್ಟ್ರಾಗಬೇಕೆಂಬ ಆಸೆ ಇಟ್ಟುಕೊಂಡೇ ಅವನು ಕೋಲಾರಕ್ಕೆ ಬಂದಿದ್ದ.

ತೆಲುಗಿನಲ್ಲಿ ಒಂದು ಸಂಗತಿ ಇದೆ. ಗಂಡಸು ಬಂದರೆ ಒಂದು ಕ್ರಿಯಾಪದ, ಮಿಕ್ಕಿದ್ದು ಏನು ಬಂದರೂ ಇನ್ನೊಂದು. ಅಮ್ಮ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’, ಎಮ್ಮೆ ಬಂದರೂ ಅದೇ. ಹಾಗಂದ ಮಾತ್ರಕ್ಕೆ ಅಲ್ಲಿ ಯಾರ ಅಮ್ಮನೂ ಎಮ್ಮೆಯಾಗಿಲ್ಲ. ಬರೆಯುವಾಗ ಕದಿರೇಶನ ಕೈ ತಪ್ಪುತ್ತಿರಲಿಲ್ಲ, ಯೋಚನೆಗೆ ಸಮಯವಿರುತ್ತಿತ್ತು. ಮಾತಾಡುವಾಗ ನಾಲಿಗೆ ಮನೆಯ ದಾರಿ ಹಿಡಿದುಬಿಡುತ್ತಿತ್ತು. ಗೌರವದ ಹೆಂಗಸರ ವಿಷಯ ಬಂದರಂತೂ ಇನ್ನೂ ಬೇಗ.

ಅದು ಎಂಬತ್ತೆರಡನೆಯ ಇಸವಿ. ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದು ಊರೂರಲ್ಲಿ ಮೆರವಣಿಗೆ ನಡೆದಿದ್ದ ವರ್ಷ. ಕದಿರೇಶನೂ ಬಾವುಟ ಹಿಡಿದು ಗಂಟಲು ಕಟ್ಟುವ ತನಕ ಕೂಗಿದ್ದ. ಕನ್ನಡವೆಂದರೆ ಅವನಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಕೋಲಾರದ ಪೇಟೆಯಲ್ಲಿ ತರಕಾರಿ ಚೌಕಾಸಿಯೆಲ್ಲ ತೆಲುಗಿನಲ್ಲಿ ಸಲೀಸಾಗಿ ನಡೆಯುತ್ತಿತ್ತು. ಅದೇ ತೆಲುಗು ಕಾಲೇಜಿನ ಕಾಂಪೌಂಡು ದಾಟಿ ಒಳಗೆ ಬಂದರೆ ಹಳ್ಳಿ ಗಮಾರನ ಗುರುತಾಗುತ್ತಿತ್ತು.

ಹೆಸರಿಟ್ಟವನು ಹಾಸ್ಟೆಲಿನಲ್ಲಿ ಅವನ ರೂಮಿನವನೇ, ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯ ಚನ್ನರಾಯಪ್ಪ. ಕೆಟ್ಟವನಲ್ಲ. ಮನೆಯಿಂದ ತಂದ ಉಪ್ಪಿನಕಾಯಿಯನ್ನು ಕೇಳದೆಯೇ ಕದಿರೇಶನ ತಟ್ಟೆಗೂ ಹಾಕುವವನು. ಆದರೆ ನಗಿಸುವ ಚಟ. ಕದಿರೇಶ ಸ್ನಾನಕ್ಕೆ ಹೋದರೆ “ಬಂತು ಹೋಯ್ತು” ಎನ್ನುವನು, ವಾಪಸು ಬಂದರೆ “ಬಂತು ಬಂತು” ಎನ್ನುವನು. ಹಾಸ್ಟೆಲಿಗೆ ಹಾಸ್ಟೆಲೇ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ತಿದ್ದಿಕೊಳ್ಳೋಣವೆಂದು ಕದಿರೇಶ ಮನಸ್ಸಿನಲ್ಲೇ ಅಭ್ಯಾಸ ಶುರು ಮಾಡಿದ. ಮೇಡಂ ಬಂದರು, ಅತ್ತೆ ಬಂದರು, ಅಜ್ಜಿ ಬಂದರು. ದಾರಿಯುದ್ದಕ್ಕೂ ಗುನುಗಿಕೊಳ್ಳುವನು. ಒಂದು ಸಂಜೆ ಕರೆಂಟು ಹೋಗಿ ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ದೀಪ ಹತ್ತಿಕೊಂಡ ಸಂತೋಷದಲ್ಲಿ ಅವನ ಬಾಯಿಂದ ಜೋರಾಗಿ ಹೊರಟಿತು: “ಕರೆಂಟ್ ಬಂದ್ರು!”

ಆ ನಗು ವಾರವಾದರೂ ಆರಲಿಲ್ಲ. ನಲ್ಲಿಯಲ್ಲಿ ನೀರು ಬಂದರೂ “ನೀರವರು ಬಂದ್ರು”, ಮುದ್ದೆ ಬಂದರೂ “ಮುದ್ದೆಯವರು ಬಂದ್ರು”. ಕದಿರೇಶನೂ ಒಂದೆರಡು ದಿನ ಜೊತೆಗೆ ನಕ್ಕ. ಆಮೇಲೆ ಮಾತಾಡುವುದನ್ನೇ ಬಿಟ್ಟ. ಕೇಳಿದ್ದಕ್ಕೆ ಹೂಂ, ಊಹೂಂ. ಅನ್ನಕ್ಕೆ ಕೈಸನ್ನೆ. ಒಳಗೆ ಏನೋ ಕುದಿಯುತ್ತಿತ್ತು. ಅದನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯುತ್ತಿರಲಿಲ್ಲ.

ಶನಿವಾರದ ಕನ್ನಡ ತರಗತಿಯಲ್ಲಿ ಭಾರತಮ್ಮನವರು ಪಾಠ ಮಾಡುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಮುಂದೆ ಕರೆದು, ಯಾವುದಾದರೂ ವಿಷಯದ ಮೇಲೆ ಮಾತಾಡಿಸುತ್ತಿದ್ದರು. ಕದಿರೇಶ ಶನಿವಾರಗಳಿಗೆ ಚಕ್ಕರ್ ಹಾಕತೊಡಗಿದ. ಕಾಲೇಜಿನ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಗಂಟೆ ಹೊಡೆಯುವುದನ್ನು ಕಾಯುವನು. ಕೊನೆಗೊಂದು ದಿನ ಮೇಡಂ ಅವನನ್ನು ಸ್ಟಾಫ್ ರೂಮಿಗೆ ಕರೆಸಿದರು.

“ಉತ್ತರ ಪತ್ರಿಕೆ ನೋಡಿದರೆ ನಿನ್ನಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಶನಿವಾರ ಯಾಕೆ ಬರೋದಿಲ್ಲ?”

“ಜ್ವರ ಮೇಡಂ.”

“ಪ್ರತಿ ಶನಿವಾರವೂ?”

ಕದಿರೇಶ ನೆಲ ನೋಡಿದ.

“ನೋಡಪ್ಪ, ನಿನ್ನ ಮಾತಿನ ರೀತಿ ನನಗೆ ಗೊತ್ತು. ಮನೆಯಲ್ಲಿ ಹೇಗಾದರೂ ಆಡಿಕೋ. ನಾಳೆ ನೀನು ಮೇಷ್ಟ್ರಾಗಿ ನಿಂತು ಹೀಗೆ ಮಾತಾಡಿದರೆ ಮಕ್ಕಳು ನಗ್ತಾರೆ, ಇನ್ಸ್‌ಪೆಕ್ಟರ್ ನಗ್ತಾರೆ. ಜನ ಕನಿಕರ ತೋರಿಸಲ್ಲ. ಹಲ್ಲು ಕಚ್ಚಿ ತಿದ್ದಿಕೋಬೇಕು. ಹಳೇದನ್ನ ಮರೆತೇಬಿಡಬೇಕು. ನಾನು ಸುಮ್ಮನೆ ಹೇಳ್ತಾ ಇಲ್ಲ.”

ಆಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ದನಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಇತ್ತು. ಕದಿರೇಶನಿಗೆ ಅದು ಸಿಟ್ಟೆಂದೇ ತೋರಿತು. ತಿದ್ದಿಕೊಳ್ಳಲು ಹೋಗಿ ಕರೆಂಟನ್ನು ಬಹುವಚನದಲ್ಲಿ ಕರೆದ ಕಥೆಯನ್ನು ಇವರಿಗೆ ಹೇಗೆ ಹೇಳುವುದು? ಆಗಲಿ ಮೇಡಂ ಎಂದು ತಲೆಯಾಡಿಸಿ ಹೊರಬಂದ.

ಅದೇ ವಾರ ಅವನ ಊರಿನ ಮುನಿಯಲ್ಲಪ್ಪ ಆಸ್ಪತ್ರೆಗೆಂದು ಕೋಲಾರಕ್ಕೆ ಬಂದವನು ಹಾಸ್ಟೆಲಿಗೂ ಬಂದು ಮಾತಾಡಿಸಿದ. ಕದಿರೇಶ ಅವನ ಕೈಲಿ ಹೇಳಿಕಳಿಸಿದ: “ನಾನು ಕಾಲೇಜು ಬಿಡ್ತೀನಿ ಅಂತ ಅಮ್ಮನಿಗೆ ಹೇಳು. ಪೆಟ್ಟಿಗೆ ಸಮೇತ ಬಂದುಬಿಡ್ತೀನಿ.”

ಶನಿವಾರ ಅವನು ಎಂದಿನಂತೆ ಬೇವಿನ ಕಟ್ಟೆಯ ಮೇಲಿದ್ದ. ಗೇಟಿನ ಕಡೆಯಿಂದ ಒಬ್ಬ ಹೆಂಗಸು ಬಟ್ಟೆಗಂಟು ಕಂಕುಳಲ್ಲಿ ಇರುಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎಲ್ಲರ ಮುಖ ನೋಡುತ್ತ ಬರುತ್ತಿದ್ದಳು. ಅಕ್ಕಯಮ್ಮ, ಅವನ ತಾಯಿ. ಹಾಸ್ಟೆಲಿನಲ್ಲಿ ಕೇಳಿದ್ದಕ್ಕೆ ಕಾಲೇಜಿನ ದಾರಿ ತೋರಿಸಿದ್ದರು.

ಅವಳು ಕಟ್ಟೆಯ ಹತ್ತಿರ ಬಂದು ನಿಲ್ಲುವುದಕ್ಕೂ, ಚನ್ನರಾಯಪ್ಪ ಇನ್ನಿಬ್ಬರ ಜೊತೆ ತರಗತಿಗೆ ತಡವಾಗಿ ಓಡಿಬರುವುದಕ್ಕೂ ಸರಿಹೋಯಿತು.

“ಲೇ ಬಂತು, ಯಾರೋ ಇವ್ರು?” ಚನ್ನರಾಯಪ್ಪ ಕೇಳಿದ.

ಅಮ್ಮ ಈಗ ಬಾಯಿ ಬಿಟ್ಟರೆ ತೆಲುಗು ಬರುತ್ತದೆ. ಆಮೇಲೆ ಹಾಸ್ಟೆಲಿನಲ್ಲಿ ಅಮ್ಮನ ಮಾತನ್ನೂ ಆಡಿ ತೋರಿಸುತ್ತಾರೆ. ಅದನ್ನು ಮಾತ್ರ ತನ್ನಿಂದ ಸಹಿಸಲಾಗುವುದಿಲ್ಲ.

“ನಮ್ಮೂರಿನವರು,” ಎಂದ. “ಊರಿಂದ ಬಂದಿದ್ದಾರೆ.”

ವ್ಯಾಕರಣದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು.

ಅಕ್ಕಯಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಗೇಟಿನ ತನಕ ನೋಡಿದಳು. ಮತ್ತೆ ಮಗನ ಕಡೆ ತಿರುಗಿ, “ಎವುರ್ರಾ ವಚ್ಚಿನಾರು? ನೇನೊಕ್ಕದಾನ್ನೇ ಕದಾ ವಚ್ಚಿಂದಿ!” ಎಂದಳು. ಬಂದಿದ್ದಾರೆ ಅಂದರೆ ತನ್ನ ಹಿಂದೆ ಇನ್ನೂ ನಾಲ್ಕು ಜನ ಬಂದಿರಬೇಕು ಎಂದುಕೊಂಡಿದ್ದಳು ಅವಳು. ತನ್ನೊಬ್ಬಳಿಗೇ ಯಾರೂ ಹಾಗೆ ಅಂದದ್ದು ಅವಳು ಕೇಳಿರಲಿಲ್ಲ.

ಚನ್ನರಾಯಪ್ಪನ ಜೊತೆಗಿದ್ದವರು ಕಿಸಕ್ಕೆಂದರು. ತನ್ನ ಮಾತು ಅರ್ಥವಾಗಲಿಲ್ಲವೇನೋ ಎಂದು ಅಕ್ಕಯಮ್ಮ ತನಗೆ ಬರುವಷ್ಟು ಕನ್ನಡದಲ್ಲಿ ಮತ್ತೆ ಹೇಳಿದಳು: “ನಾನು ಈ ಹುಡುಗಂದು ಅಮ್ಮ ಕಣಪ್ಪಾ. ನಾನು ಒಂದೇ ಬಂದಿದ್ದು. ಇನ್ನ ಯಾರೂ ಬಂದಿಲ್ಲ.”

ಚನ್ನರಾಯಪ್ಪ ಅವಳನ್ನು ನೋಡಿದ. ಕದಿರೇಶನನ್ನು ನೋಡಿದ. ಅವನ ನಗು ಅರ್ಧದಲ್ಲೇ ಇಳಿದುಹೋಯಿತು. “ಕೂತ್ಕೊಳಮ್ಮ, ಬಿಸಿಲಲ್ಲಿ ಬಂದಿದ್ದೀಯ,” ಎಂದು ಹೇಳಿ, ಇನ್ನೂ ನಗುತ್ತಿದ್ದವನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಕದಿರೇಶನ ಕಡೆಗೆ ಅವನು ಮತ್ತೆ ತಿರುಗಲಿಲ್ಲ.

ತಾಯಿ ಮಗ ಇಬ್ಬರೇ ಉಳಿದರು. ಅಕ್ಕಯಮ್ಮ ಗಂಟು ಬಿಚ್ಚಿ ಕಡಲೆಕಾಯಿ ಉಂಡೆ ತೆಗೆದು ಮಗನ ಕೈಲಿಟ್ಟಳು. ಅವಳಿಗೆ ಕನ್ನಡ ಪೂರ್ತಿ ಬರದಿರಬಹುದು. ಆದರೆ ಊರು ಎಂಬ ಮಾತು ಎರಡು ಭಾಷೆಯಲ್ಲೂ ಒಂದೇ.

“ಊರೋಳು ಅಂದ್ಯೇನ್ರಾ ನನ್ನ?” ಎಂದಳು ತೆಲುಗಿನಲ್ಲಿ. ಬೈಗುಳದ ದನಿಯಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಬರೀ ಕೇಳಿದ ದನಿ. ಕದಿರೇಶ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು, ಬಾಗಿಲ ಬೆಂಚಿನಿಂದ ಹಿಡಿದು ಕರೆಂಟಿನವರೆಗೆ ಎಲ್ಲವನ್ನೂ ಹೇಳಿದ. ತಿಂಗಳುಗಳಿಂದ ಮುಚ್ಚಿಟ್ಟ ಬಾಯಿ ತೆಲುಗಿನಲ್ಲಿ ಸರಾಗವಾಗಿ ಬಿಚ್ಚಿಕೊಂಡಿತು.

ಅಕ್ಕಯಮ್ಮ ಪೂರ್ತಿ ಕೇಳಿದಳು. “ಮತ್ತೆ ನನ್ನ ಏನನ್ಬೇಕಂತೆ?”

“ಅಮ್ಮ ಬಂದಳು ಅನ್ಬೇಕು. ಮರ್ಯಾದೆ ಕೊಡೋದಾದ್ರೆ ಬಂದರು ಅನ್ಬೇಕು.”

“ಬಂದರು ಅಂದ್ರೆ ತಹಸೀಲ್ದಾರ್ ಬಂದಂಗಾಯ್ತು.” ಅವಳಿಗೆ ನಗು ಬಂತು. “ಅವರ ಮಾತು ಅವರದು. ಅವರ ಮಧ್ಯೆ ಇದ್ದೀಯ, ಅವರಂಗೆ ಆಡೋದು ಕಲ್ತ್ಕೋ, ತಪ್ಪೇನೈತೆ? ಮೇಡಮ್ಮನ್ನ ಬಂದರು ಅನ್ನು. ಹತ್ತು ಸಲ ಅನ್ನು. ನನ್ನ ಮಾತ್ರ ಹಂಗನ್ಬೇಡ. ಯಾರದೋ ಅಮ್ಮನ್ನ ಅಂದಂಗಿರ್ತದೆ.”

“ಅದಕ್ಕೇ ಓದು ಬೇಡ ಅಂತಿರೋದು ನಾನು.”

“ಬೇಡ ಅಂದ್ರೆ ಬಾ. ಪೆಟ್ಟಿಗೆ ಹೊರೋಕೇ ನಾನು ಬಂದಿದ್ದು. ಮಧ್ಯಾಹ್ನಕ್ಕೆ ಬಸ್ಸೈತಂತೆ. ಆದ್ರೆ ಆ ಮೇಡಮ್ಮನಿಗೆ ಹೇಳಿ ಬಾ. ಪಾಠ ಹೇಳ್ಕೊಟ್ಟೋರಿಗೆ ಹೇಳ್ದೆ ಹೋಗೋದು ಮರ್ಯಾದೆ ಅಲ್ಲ.”

ಕದಿರೇಶ ತರಗತಿಯ ಬಾಗಿಲಿಗೆ ಹೋಗಿ ನಿಂತಾಗ ಯಾರೋ ಮಾತು ಮುಗಿಸಿ ಕೂರುತ್ತಿದ್ದರು. ಭಾರತಮ್ಮನವರು ಹುಬ್ಬೇರಿಸಿದರು.

“ಓಹೋ, ಶನಿವಾರ ನಿನ್ನ ದರ್ಶನ!”

“ಹೇಳಿ ಹೋಗೋಣ ಅಂತ ಬಂದೆ ಮೇಡಂ. ಕಾಲೇಜು ಬಿಡ್ತಾ ಇದ್ದೀನಿ.”

ಪಿಸುಮಾತುಗಳು ನಿಂತವು. ಭಾರತಮ್ಮನವರ ಮುಖದ ನಗೆಯೂ ಹೋಯಿತು. “ಯಾಕೆ ಅಂತಲೂ ಹೇಳು. ಬಾ, ಇಲ್ಲಿ ನಿಂತು ಹೇಳು,” ಎಂದು ಮೇಜಿನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಅವನು ಮುಂದೆ ಹೋಗಿ ನಿಂತ. ಹೋಗುವವನಿಗೆ ಇನ್ನು ಹೆದರಿಕೆ ಯಾಕೆ ಅನಿಸಿತು.

“ಇವತ್ತು ನಮ್ಮಮ್ಮ ಬಂತು,” ಎಂದ.

ಹಿಂದಿನ ಬೆಂಚಿನಲ್ಲಿ ಒಂದು ನಗು ಹೊರಟಿತು. ಚನ್ನರಾಯಪ್ಪ ತಿರುಗಿ ನೋಡಿದ. ನಗು ಅಲ್ಲಿಗೇ ನಿಂತಿತು.

“ಮೇಡಂ ಬಂತು ಅಂದಿದ್ದು ಅವಮಾನ ಮಾಡೋಕಲ್ಲ ಮೇಡಂ. ಮನೇಲಿ ಅಮ್ಮನ್ನ ಹೆಂಗಂತೀವೋ ನಿಮ್ಮನ್ನೂ ಹಂಗೇ ಅಂದೆ. ತಪ್ಪು ಅಂತ ಗೊತ್ತಾದ್ಮೇಲೆ ಕಲಿತೆ. ಈಗ ಬಂದರು ಅಂತಲೇ ಬರ್ತದೆ ಬಾಯಲ್ಲಿ. ಆದ್ರೆ ಇವತ್ತು ಅಮ್ಮನ್ನ ಯಾರು ಅಂತ ಕೇಳಿದ್ರೆ, ನೀವೆಲ್ಲ ನಗ್ತೀರ ಅಂತ, ನಮ್ಮೂರಿನವರು ಬಂದಿದ್ದಾರೆ ಅಂದ್ಬಿಟ್ಟೆ. ಅಮ್ಮ ಹಿಂದಕ್ಕೆ ತಿರುಗಿ ನೋಡ್ತು, ಇನ್ಯಾರು ಬಂದವ್ರೆ ಅಂತ. ಯಾರೂ ಇರಲಿಲ್ಲ. ಇಷ್ಟಕ್ಕೇ ಹಿಂಗಂದೆ. ಇನ್ನೂ ಇಲ್ಲಿದ್ರೆ ಅಮ್ಮನ್ನ ಏನಂತೀನೋ ಗೊತ್ತಿಲ್ಲ.”

ಭಾರತಮ್ಮನವರು ಮೇಜಿನ ಅಂಚು ಹಿಡಿದುಕೊಂಡೇ ನಿಂತಿದ್ದರು. “ಎಲ್ಲಿದ್ದಾರೆ ಈಗ?”

“ಹೊರಗೆ ಐತೆ ಮೇಡಂ. ಬೇವಿನ ಮರದ ಕೆಳಗೆ.”

ಅವರು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ತರಗತಿಯೆಲ್ಲ ಕಿಟಕಿಗೆ ಮುಗಿಬಿತ್ತು. ಕದಿರೇಶ ನಿಂತಲ್ಲೇ ನಿಂತಿದ್ದ. ಅಮ್ಮನಿಗೂ ಏನಾದರೂ ಅನ್ನುತ್ತಾರೋ ಎಂದು ಅವನಿಗೆ ಭಯವಾಯಿತು.

ಮೇಡಂ ಬಂದದ್ದು ಕಂಡು ಅಕ್ಕಯಮ್ಮ ಗಡಬಡಿಸಿ ಎದ್ದು ಕೈಮುಗಿದಳು. ಭಾರತಮ್ಮನವರು ಅವಳ ಮುಗಿದ ಕೈಗಳನ್ನೇ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ಧೂಳನ್ನೂ ನೋಡದೆ ಪಕ್ಕದಲ್ಲಿ ತಾವೂ ಕೂತರು.

“ಕೂಸೋಮ್ಮಾ, ಕೂಸೋ. ಎಪ್ಪುಡೊಚ್ಚಿನಾವು?”

ಕೂತ್ಕೋ, ಯಾವಾಗ ಬಂದೆ ಎಂದು ಕೇಳಿದ್ದರು, ಅಷ್ಟೇ. ಆದರೆ ಕಿಟಕಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೂ ಬಿಡದ ಮೇಡಂ, ಅಚ್ಚಿನಲ್ಲಿ ತೆಗೆದಂಥ ಕನ್ನಡದ ಮೇಡಂ!

“ಮೇಡಂಗೆ ತೆಲುಗು ಬರ್ತದೇನೋ?” ಯಾರೋ ಪಿಸುಗುಟ್ಟಿದರು.

“ಕಲಿತಿದ್ದಲ್ಲ ಕಣೋ ಅದು,” ಎಂದ ಚನ್ನರಾಯಪ್ಪ. “ಮನೆ ಮಾತು.”

ಕದಿರೇಶನಿಗೆ ಅದು ಮೊದಲ ಮಾತಿಗೇ ತಿಳಿದಿತ್ತು. ಪೇಟೆಯ ಚೌಕಾಸಿಯ ತೆಲುಗಲ್ಲ, ಒಲೆಯ ಮುಂದೆ ಕೂತು ಆಡುವ ತೆಲುಗು. ಎಳೆದು ಮುಗಿಸುವ ರೀತಿಯಲ್ಲಿ ಮುಳಬಾಗಿಲ ಕಡೆಯ ರಾಗವಿತ್ತು. ಆಮೇಲಿನ ಮಾತುಗಳು ಒಳಗೆ ಕೇಳಿಸಲಿಲ್ಲ. ಅಕ್ಕಯಮ್ಮ ಕೈಯಾಡಿಸುತ್ತ ಏನೋ ಹೇಳಿದಳು, ಮೇಡಂ ನಕ್ಕರು, ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು. ಒಮ್ಮೆ ಕಣ್ಣೊರೆಸಿಕೊಂಡಂತೆಯೂ ಕಂಡಿತು. ಆಮೇಲೆ ಅಕ್ಕಯಮ್ಮ ಗಂಟನ್ನು ಕಟ್ಟೆಯ ಮೇಲೇ ಬಿಟ್ಟು, ಗೇಟಿನ ಕಡೆ ನಡೆದಳು.

ಭಾರತಮ್ಮನವರು ಒಳಗೆ ಬಂದಾಗ ಎಲ್ಲರೂ ತಂತಮ್ಮ ಜಾಗದಲ್ಲಿದ್ದರು.

“ನಾನು ಓದುವಾಗ ನನಗೂ ಒಂದು ಹೆಸರಿಟ್ಟಿದ್ದರು,” ಎಂದರು ಅವರು. “ಏನು ಅಂತ ಹೇಳಲ್ಲ. ಆ ಹೆಸರಿಗೆ ಹೆದರಿ ನನಗೆ ತೆಲುಗು ಬರೋದೇ ಇಲ್ಲ ಅಂತ ಹೇಳೋದು ಕಲಿತೆ. ನನ್ನನ್ನು ನೋಡೋಕೆ ಕಾಲೇಜಿಗೆ ಬರಬೇಡ ಅಂತ ಮನೆಗೆ ಹೇಳಿಕಳಿಸಿದೆ. ಇಷ್ಟೆಲ್ಲ ಆದ ಮೇಲೂ ಕೊಂಬಿನ ಮಾತು ನನ್ನ ಬಾಯಲ್ಲೇ ಬಂತಲ್ಲ.” ಆಮೇಲೆ, ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುವ ಅದೇ ಶುದ್ಧ ದನಿಯಲ್ಲಿ, “ನಮ್ಮಮ್ಮ ಮುಳಬಾಗಿಲಲ್ಲಿ ಐತೆ,” ಎಂದರು. “ಹೋಗಿ ನೋಡಿ ಬಹಳ ದಿನ ಆಯ್ತು.”

ಯಾರೂ ನಗಲಿಲ್ಲ.

“ನಿಮ್ಮಮ್ಮ ಬಸ್ ಸ್ಟ್ಯಾಂಡಿಗೆ ಹೋದರು, ಕದಿರೇಶ. ಮನೆಯಲ್ಲಿ ಕೆಲಸ ಬಿಟ್ಟು ಬಂದಿದ್ದಾರಂತೆ. ಬರೋದಾದ್ರೆ ಈಗಲೇ ಓಡಿ ಬರಲಿ, ಇರೋದಾದ್ರೆ ಇರಲಿ ಅಂತ ಹೇಳಿದ್ದಾರೆ. ನಾನು ಬಲವಂತ ಮಾಡಲ್ಲ.”

ಕದಿರೇಶ ಬಾಗಿಲ ಕಡೆ ನೋಡಿದ. ಚನ್ನರಾಯಪ್ಪನೂ ನೋಡಿದ. ಬಿಸಿಲು ವರಾಂಡದ ಅರ್ಧಕ್ಕೆ ಬಂದಿತ್ತು. ಕದಿರೇಶ ಮತ್ತೆ ತರಗತಿಯ ಕಡೆಗೆ ತಿರುಗಿದ.

“ಮಾತು ಇನ್ನೂ ಮುಗಿದಿಲ್ಲ ಮೇಡಂ,” ಎಂದ. “ನಮ್ಮನೇಲಿ ಈಗ ರೇಷ್ಮೆ ಹುಳ ಹಣ್ಣಾಗೋ ಹೊತ್ತು. ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಒಂದು ಗಳಿಗೆ ತಡವಾದ್ರೂ ಬೆಳೆ ಕೆಡ್ತದೆ. ಈ ಹೊತ್ತಲ್ಲಿ ಯಾರು ಸತ್ತರೂ ಮನೆ ಬಿಟ್ಟು ಹೋಗೋದಿಲ್ಲ ನಾವು. ಆದ್ರೂ ಅಮ್ಮ ಬಂತು.”